ಗೋ-ಕಾರ್ಟ್ ವಿಹಾರ: ಒಂದು ವಿಚಾರ

ವಾರ್ಷಿಕ ಸಂಚಿಕೆಗೆ ಒಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಂಡಲದವರು ನನ್ನನ್ನು ಕೇಳಿದಾಗ, ಕನ್ನಡದ ಅಧ್ಯಾಪಕನಾದ ನಾನು ಸಾಹಿತ್ಯವನ್ನೋ ವ್ಯಾಕರಣವನ್ನೋ ಕುರಿತು ಬರೆದೇನೆಂದು ಅವರು ಎಣಿಸಿದ್ದಿರಬೇಕು. ಆದರೆ ಕಳೆದ ಹತ್ತು ತಿಂಗಳಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ವಿಷಯವು ಬೇರೆಯೇ ಆಗಿದೆ. ಅದು ಹೊರನೋಟಕ್ಕೆ ಅತಿ ಸಣ್ಣದು: ಮಕ್ಕಳನ್ನು ಗೋ-ಕಾರ್ಟ್ ಬಂಡಿ ಓಡಿಸಲು ಕರೆದೊಯ್ಯುವ ವಿಹಾರವನ್ನು ಶಾಲೆಯು ಹೇಗೆ ಏರ್ಪಡಿಸಬೇಕು ಎಂಬುದು. ಇದಕ್ಕೂ ಒಂದು ಲೇಖನವೇ ಎಂದು ವಾಚಕರು ನಗಬಹುದು. ನಗಲಿ; ಆದರೆ ಕೊನೆಯವರೆಗೆ ಓದಲಿ ಎಂದು ಬೇಡುತ್ತೇನೆ.

ಪಾಲಕರಲ್ಲಿ ಅನೇಕರು ಈ ಬಂಡಿಯನ್ನು ಕಂಡಿರಲಾರರು. ನಾಲ್ಕು ಪುಟ್ಟ ಗಾಲಿಗಳು, ಲೋಹದ ಕೊಳವೆಗಳ ಒಂದು ಚೌಕಟ್ಟು, ನೆಲಕ್ಕೆ ತಾಗುವಂತೆ ತೋರುವ ಒಂದು ಆಸನ, ಅದರ ಪಕ್ಕದಲ್ಲಿ ಒಂದು ಚಿಕ್ಕ ಇಂಜಿನ್ನು—ಇಷ್ಟೇ ಅದರ ಸಂಸಾರ. ಮೇಲೆ ಮುಚ್ಚಿಗೆಯಿಲ್ಲ, ಬಾಗಿಲಿಲ್ಲ, ಕುಲುಕಾಟವನ್ನು ನುಂಗಿಕೊಳ್ಳುವ ಸ್ಪ್ರಿಂಗುಗಳಿಲ್ಲ. ಬಾಡಿಗೆಯ ಬಂಡಿಗಳಲ್ಲಿ ಗೇರು ಬದಲಿಸುವ ಗೊಡವೆಯೂ ಇಲ್ಲ. ಬಲಗಾಲಿನ ಕೆಳಗೆ ವೇಗ, ಎಡಗಾಲಿನ ಕೆಳಗೆ ತಡೆ. ಎರಡನ್ನೂ ಒಮ್ಮೆಗೇ ಒತ್ತಬಾರದು. ೧೯೫೬ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬ ಕುಶಲಕರ್ಮಿಯು ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ನನ್ನು ಇಂಥ ಚೌಕಟ್ಟಿಗೆ ಕೂಡಿಸಿ ಮೊದಲನೆಯ ಬಂಡಿಯನ್ನು ಕಟ್ಟಿದನು. ಆತನು ಪಂದ್ಯದ ಕಾರುಗಳನ್ನು ಕಟ್ಟುವ ಕಾರಖಾನೆಯಲ್ಲಿ ದುಡಿಯುತ್ತಿದ್ದವನು. ಬಾಗಲಕೋಟೆಯ ಕಡೆಯ ನನ್ನ ಊರಿನಲ್ಲಿ ನಾವು ಹುಡುಗರು ಗ್ಯಾರೇಜಿನವರು ಎಸೆದ ಬೇರಿಂಗುಗಳನ್ನು ಹಲಗೆಗೆ ಬಡಿದು, ಅದರ ಮೇಲೆ ಕುಳಿತು, ಅಗಸಿಯ ಮುಂದಿನ ಇಳಿಜಾರಿನಲ್ಲಿ ಬಿಟ್ಟುಕೊಳ್ಳುತ್ತಿದ್ದೆವು. ನಮ್ಮ ಬಂಡಿಗೆ ತಡೆಯೆಂದರೆ ಅಂಗಾಲು. ಇಂಗೆಲ್ಸನ ಬಂಡಿಯು ನಮ್ಮ ಹಲಗೆಯ ದೂರದ ನೆಂಟನೆಂದೇ ನನಗೆ ತೋರುವುದು. ಅಂತಲೇ ಒಂಬತ್ತನೆಯ ವರ್ಗದ ಮಕ್ಕಳು ಕಳೆದ ವರುಷ, “ಸರ್, ಈ ಸಲ ರಾಣಿಯ ಬಾಗು ಬೇಡ, ಗೋ-ಕಾರ್ಟಿಗೆ ಹೋಗೋಣ” ಎಂದು ಕೇಳಿದಾಗ, ನಾನು ಅವರಿಗಿಂತ ಮೊದಲೇ ಒಪ್ಪಿಬಿಟ್ಟೆನು.

ಒಪ್ಪಿದ್ದರಲ್ಲಿ ತಪ್ಪಿರಲಿಲ್ಲ. ಏರ್ಪಡಿಸಿದ ರೀತಿಯಲ್ಲಿ ತಪ್ಪಿತ್ತು, ಮತ್ತು ಆ ತಪ್ಪು ನನ್ನದೇ. ಉಪನಗರದ ಬಂಡಿಯ ಹಾದಿಗೆ ಫೋನು ಮಾಡಿ ದರವನ್ನು ವಿಚಾರಿಸಿದೆ. ಎಂಟು ನಿಮಿಷದ ಒಂದು ಸುತ್ತಾಟಕ್ಕೆ ೪೫೦ ರೂಪಾಯಿ. ಬಸ್ಸಿನ ಬಾಡಿಗೆಗೆಂದು ತಲೆಗೆ ೩೫೦, ಉಪಾಹಾರಕ್ಕೆ ೧೫೦, ಒಟ್ಟು ೯೫೦. ಒಂದು ಕಾಗದದ ಮೇಲೆ ೪೨ ಮಕ್ಕಳ ಹೆಸರುಗಳನ್ನು ಬರೆದು, ಎದುರಿಗೆ ಎರಡು ಕಲಂ ಎಳೆದೆ: “ಬರುವೆನು”, “ಬರುವುದಿಲ್ಲ”. ಕಾಗದವು ಬೆಂಚಿನಿಂದ ಬೆಂಚಿಗೆ ಹೋಗಿ ಮರಳಿ ನನ್ನ ಮೇಜಿಗೆ ಬಂದಾಗ ೨೩ ಮಂದಿ ಮೊದಲನೆಯ ಕಲಮಿನಲ್ಲಿಯೂ ೧೯ ಮಂದಿ ಎರಡನೆಯದರಲ್ಲಿಯೂ ಇದ್ದರು. ಆಗ ನಾನು ಏನು ಎಣಿಸಿದೆನೆಂಬುದನ್ನು ಇಲ್ಲಿ ಮುಚ್ಚಿಡಲಾರೆ. ಹತ್ತೊಂಬತ್ತು ಮಕ್ಕಳಿಗೆ ಬಂಡಿಯ ಆಸೆಯಿಲ್ಲ, ಆಗಲಿ, ಎಂದುಕೊಂಡೆ!

ಅವರಲ್ಲಿ ಒಬ್ಬ ಹುಡುಗನು ವಿಜ್ಞಾನದ ವಹಿಯ ಅಂಚಿನಲ್ಲೆಲ್ಲ ಬಂಡಿಯ ಚಿತ್ರವನ್ನೇ ಬರೆದಿದ್ದನು. ಅವನ ತಂದೆತಾಯಿಗಳು ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಈ ಮುಂಬಯಿಗೆ ಬಂದವರು. “ನೀನೇಕೆ ಬರುವುದಿಲ್ಲ?” ಎಂದು ಕೇಳಿದೆ. “ನನಗ ತಲಿ ತಿರಗ್ತದ ಸರ್” ಎಂದನು. ನಾನು ನಂಬಿದೆ. ಎರಡು ತಿಂಗಳ ತರುವಾಯ ನಮ್ಮ ಬಡಾವಣೆಯ ಜಾತ್ರೆಯಲ್ಲಿ, ಅವನು ತನ್ನ ಸೋದರಮಾವನ ತಿರುಗುವ ಕುದುರೆಗಳ ಆಟದ ಬಳಿ ಚೀಟಿ ಹರಿಯುತ್ತಿದ್ದುದನ್ನು ಕಂಡೆನು. ಓಡುತ್ತಿರುವ ಚಕ್ರದ ಮೇಲೆ ಹಾರಿ ಏರುವನು, ಒಂದು ಸುತ್ತು ಹೋಗುವನು, ಅಳುವ ಕೂಸನ್ನು ಸರಿಪಡಿಸಿ ಕೂಡ್ರಿಸುವನು, ನಿಲ್ಲುವ ಮೊದಲೇ ಹಾರಿ ಇಳಿಯುವನು. ತಲೆ ತಿರುಗುವವನ ಲಕ್ಷಣಗಳು ಇವಲ್ಲ. ನನ್ನನ್ನು ಕಂಡು ಅವನು ನಗಲಿಲ್ಲ. ನಾನೂ ಮಾತನಾಡಿಸದೆ ಗುಂಪಿನಲ್ಲಿ ಸರಿದುಹೋದೆನು.

ಅಂದಿನಿಂದ ನಾನು ಎರಡು ಕಲಮಿನ ಕಾಗದಕ್ಕೆ ಹೆದರುತ್ತೇನೆ. ಬಡವರ ಮಕ್ಕಳು “ಹಣವಿಲ್ಲ” ಎಂದು ಬರೆಯುವುದಿಲ್ಲ; “ಇಷ್ಟವಿಲ್ಲ” ಎಂದು ಬರೆಯುತ್ತಾರೆ. ಹದಿನಾಲ್ಕು ವರುಷದ ಹುಡುಗನಿಗೆ ಮಾನವೆಂಬುದು ಹಿರಿಯರಿಗಿಂತ ಒಂದು ಗುಂಜಿ ಹೆಚ್ಚೇ ಇರುತ್ತದೆ. ವಿಹಾರದ ಮರುದಿನ ಹೋಗಿ ಬಂದವರ ಬಾಯಲ್ಲಿ ಬೇರೆ ಮಾತಿರಲಿಲ್ಲ. ಉಳಿದವರು ಕಿಟಕಿಯ ಆಚೆಯ ಅರಳಿಯ ಮರವನ್ನು ಅಭ್ಯಸಿಸುತ್ತಿದ್ದರು. ಒಂದೇ ವರ್ಗವನ್ನು ಎರಡು ಮಾಡಿದ ಕೀರ್ತಿ ನನಗೆ ಸಂದಿತು.

ಈಗ ನನ್ನ ಅಭಿಮತವನ್ನು ಹೇಳುತ್ತೇನೆ. ಶಾಲೆಯ ಹೆಸರಿನಲ್ಲಿ ಹೊರಡುವ ವಿಹಾರಕ್ಕೆ ವರ್ಗವೆಲ್ಲ ಹೋಗಬೇಕು. ಇಲ್ಲವೆ ಯಾರೂ ಹೋಗಬಾರದು. ಯೋಜನೆಯು ಮೊದಲಾಗಬೇಕಾದದ್ದು ವರ್ಗದ ಅತ್ಯಂತ ತೆಳ್ಳನೆಯ ಹಣದ ಚೀಲದಿಂದ, ಅತ್ಯಂತ ಕುಳ್ಳ ಮಗುವಿನಿಂದ.

ಶಿಕ್ಷಕರ ಕೋಣೆಯಲ್ಲಿ ನಾನು ಹೀಗೆಂದಾಗ ಒಬ್ಬ ಹಿರಿಯ ಸಹೋದ್ಯೋಗಿಗಳು, “ಹಾಗಾದರೆ ಈ ಶ್ರೀಮಂತರ ಆಟವೇ ನಮಗೆ ಬೇಡ ಮಾರಾಯರೆ, ವರಳಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ಯಿರಿ” ಎಂದರು. ಅವರ ಮಾತು ತೂಕದ್ದೇ. ವಿಜ್ಞಾನ ಕೇಂದ್ರಕ್ಕೆ ನಾವು ಹೋಗುತ್ತೇವೆ, ಮುಂದೆಯೂ ಹೋಗುವೆವು. ಆದರೆ ‘ಇದು ನಮ್ಮಂಥವರಿಗಲ್ಲ’ ಎಂಬ ಮಾತನ್ನು ನಮ್ಮ ಮಕ್ಕಳು ಈ ನಗರದಲ್ಲಿ ಎಷ್ಟು ಬಾಗಿಲುಗಳ ಮುಂದೆ ಕೇಳಬೇಕು? ಮನೆಯ ಪಕ್ಕದ ಇಂಗ್ಲಿಷ್ ಶಾಲೆಯ ಹುಡುಗನು ಹುಟ್ಟುಹಬ್ಬಕ್ಕೆಂದು ಆ ಹಾದಿಗೆ ಹೋಗಿ ಬರುತ್ತಾನೆ. ಕನ್ನಡ ಶಾಲೆಯ ಹುಡುಗನು ಅದರ ಬೇಲಿಯನ್ನು ಮಾತ್ರ ಬಲ್ಲನು. ಕನ್ನಡದಲ್ಲಿ ಕಲಿಯುವುದೆಂದರೆ ಇಂಥವುಗಳನ್ನು ಬಿಟ್ಟುಕೊಡುವುದು ಎಂಬ ಭಾವನೆ ಒಮ್ಮೆ ಮಗುವಿನಲ್ಲಿ ಬೇರೂರಿದರೆ, ನಾನು ಎಷ್ಟು ಷಟ್ಪದಿಗಳನ್ನು ಹಾಡಿ ತೋರಿಸಿದರೂ ಅದನ್ನು ಕೀಳಲಾರೆ. ಅದೂ ಅಲ್ಲದೆ ಇದು ಬರಿಯ ಶ್ರೀಮಂತರ ಆಟವೆಂಬುದೂ ಪೂರ್ತಿ ನಿಜವಲ್ಲ. ಏಳು ಸಲ ಜಗದ್ವಿಜೇತನಾದ ಜರ್ಮನಿಯ ಮೈಕೆಲ್ ಶೂಮಾಕರನ ತಂದೆ ಇಟ್ಟಿಗೆ ಕಟ್ಟುವ ಗೌಂಡಿಯಾಗಿದ್ದವನು. ಕೆರ್ಪೆನ್ ಎಂಬ ಊರಿನಲ್ಲಿ ಇಂಥ ಬಂಡಿಗಳ ಹಾದಿಯನ್ನು ನೋಡಿಕೊಳ್ಳುತ್ತ, ಅಲ್ಲಿಯೇ ಮಗನಿಗೆ ಓಡಿಸುವುದನ್ನು ಕಲಿಸಿದನು. ನಮ್ಮ ಮಕ್ಕಳು ಪಂದ್ಯವೀರರಾಗಲೆಂದು ನಾನು ಇದನ್ನು ಹೇಳುತ್ತಿಲ್ಲ. ಗೌಂಡಿಯ ಮಗನು ಆ ಆಸನದಲ್ಲಿ ಕುಳಿತದ್ದುಂಟು ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಹಣದ ಮಾತು. ಕಳೆದ ಸಲದ ಲೆಕ್ಕವನ್ನು ಬೇಸಿಗೆಯ ರಜೆಯಲ್ಲಿ ಮತ್ತೆ ತೆಗೆದು ನೋಡಿದಾಗ ನನ್ನ ದಡ್ಡತನಕ್ಕೆ ನಾನೇ ಬೆರಗಾದೆನು. ಬಸ್ಸಿನವನು ಕೇಳಿದ್ದು ೮,೦೫೦ ರೂಪಾಯಿ. ಐವತ್ತು ಆಸನಗಳ ಬಸ್ಸು. ಅರ್ಧ ಖಾಲಿಯಾಗಿ ಹೋಯಿತು. ಇಪ್ಪತ್ತಮೂರು ಮಂದಿ ಹಂಚಿಕೊಂಡದ್ದರಿಂದ ತಲೆಗೆ ೩೫೦ ಬಿತ್ತು. ನಲವತ್ತೆರಡು ಮಂದಿಯೂ ಬಂದಿದ್ದರೆ ತಲೆಗೆ ೧೯೨ ಸಾಕಾಗುತ್ತಿತ್ತು! ಬಡ ಮಕ್ಕಳನ್ನು ಬಿಟ್ಟುಹೋದ ಕಾರಣದಿಂದಲೇ ಉಳಿದ ಮಕ್ಕಳ ವಿಹಾರವು ದುಬಾರಿಯಾಯಿತು. ಉಪಾಹಾರಕ್ಕೆ ಅಲ್ಲಿಯ ಅಂಗಡಿಯಲ್ಲಿ ಕೊಟ್ಟ ೧೫೦ ರೂಪಾಯಿಗೆ ಬಂದದ್ದು ಎರಡು ವಡಾ-ಪಾವು ಮತ್ತು ಒಂದು ಬಣ್ಣದ ನೀರು. ಮನೆಯಿಂದ ಅವಲಕ್ಕಿಯನ್ನೋ ಚಪಾತಿ-ಪಲ್ಯವನ್ನೋ ಕಟ್ಟಿಕೊಂಡು ಹೋದರೆ ಆ ಖರ್ಚೇ ಇಲ್ಲ. ಹಾದಿಯ ವ್ಯವಸ್ಥಾಪಕರನ್ನು ಈ ಸಲ ಸ್ವತಃ ಹೋಗಿ ಕಂಡು, ವಾರದ ನಡುವಿನ ದಿನ, ಮುಂಜಾನೆ, ಇಡೀ ವರ್ಗ ಎಂದು ಹೇಳಿದಾಗ ಅವರು ೪೫೦ನ್ನು ೩೫೦ಕ್ಕೆ ಇಳಿಸಿದರು. ಕೇಳಿದರೆ ಕೊಡುತ್ತಾರೆ, ಫೋನಿನಲ್ಲಿ ಕೇಳಿದರೆ ಕೊಡುವುದಿಲ್ಲ. ಹೀಗೆ ೯೫೦ ಇದ್ದದ್ದು ಸುಮಾರು ೫೪೦ಕ್ಕೆ ಬಂದು ನಿಲ್ಲುತ್ತದೆ. ಜೂನಿನಿಂದ ನವೆಂಬರಿನವರೆಗೆ ಆರು ತಿಂಗಳು, ತಿಂಗಳಿಗೆ ೯೦ ರೂಪಾಯಿ.

ತಿಂಗಳಿಗೆ ತೊಂಬತ್ತು ಕೂಡ ಆಗದ ಮನೆಗಳು ನಮ್ಮಲ್ಲಿವೆ. ಅದಕ್ಕೆಂದು ಈ ಜೂನಿನಲ್ಲಿ ಒಂಬತ್ತನೆಯ ವರ್ಗದಲ್ಲಿ ಬಾಯಿ ಕಿರಿದಾದ ಒಂದು ತಗಡಿನ ಡಬ್ಬಿಯನ್ನು ಇಟ್ಟೆವು. ಯಾರು ಎಷ್ಟು ಹಾಕಿದರೆಂಬುದನ್ನು ಯಾರೂ ಬರೆದುಕೊಳ್ಳುವುದಿಲ್ಲ. ತಿಂಗಳ ಕೊನೆಯಲ್ಲಿ ಮಕ್ಕಳೇ ಎಣಿಸಿ, ಒಟ್ಟು ಮೊತ್ತವನ್ನು ಮಾತ್ರ ಹಲಗೆಯ ಮೂಲೆಯಲ್ಲಿ ಬರೆಯುತ್ತಾರೆ. ಒಂದು ತಿಂಗಳು ಹಣ ಬೇಕಾದುದಕ್ಕಿಂತ ಹೆಚ್ಚೇ ಬಂದಿತ್ತು. ಯಾರು ಹಾಕಿದರೋ ನಾನರಿಯೆ, ಅರಿಯಲು ಯತ್ನಿಸಲೂ ಇಲ್ಲ. ಕೊನೆಗೆ ಕಡಿಮೆ ಬಿದ್ದುದನ್ನು ಹಳೆಯ ವಿದ್ಯಾರ್ಥಿಗಳು ತುಂಬಬೇಕೆಂದು ಈ ಪುಟದ ಮೂಲಕವೇ ಕೇಳಿಕೊಳ್ಳುತ್ತೇನೆ. ಅವರಲ್ಲಿ ಹೋಟೇಲು ನಡೆಸುವವರಿದ್ದಾರೆ, ಬ್ಯಾಂಕಿನಲ್ಲಿರುವವರಿದ್ದಾರೆ. ಗೋಡೆಯ ಮೇಲೆ ಅಮೃತಶಿಲೆಯ ಫಲಕ ಹಾಕಿಸುವಷ್ಟು ದೊಡ್ಡ ಮೊತ್ತವೇನೂ ಇದಲ್ಲ.

ಹಣಕ್ಕಿಂತಲೂ ನಾನು ಕಡೆಗಣಿಸಿದ್ದು ಹೊತ್ತನ್ನು. ಒಂದು ಸಲಕ್ಕೆ ಏಳು ಬಂಡಿಗಳು ಓಡುತ್ತವೆ. ಎಂಟು ನಿಮಿಷ ಓಟ. ಶಿರಸ್ತ್ರಾಣ ತೊಡುವುದು, ಏರುವುದು, ಇಳಿಯುವುದು ಎಲ್ಲ ಕೂಡಿ ಮತ್ತೆ ಏಳು ನಿಮಿಷ. ಇಪ್ಪತ್ತಮೂರು ಮಂದಿಗೆ ನಾಲ್ಕು ತಂಡ, ಒಂದು ಗಂಟೆ. ಎಂದರೆ ಪ್ರತಿಯೊಂದು ಮಗು ಎಂಟು ನಿಮಿಷ ಓಡಿಸಿತು, ಐವತ್ತೆರಡು ನಿಮಿಷ ಬೇಲಿಯ ಬಳಿ ನಿಂತಿತು. ವರ್ಗವೆಲ್ಲ ಬಂದಿದ್ದರೆ ಆರು ತಂಡವಾಗಿ, ಕಾಯುವುದು ಎಂಬತ್ತೆರಡು ನಿಮಿಷವಾಗುತ್ತಿತ್ತು. ಆದುದರಿಂದ ಗೋ-ಕಾರ್ಟ್ ವಿಹಾರದ ಯೋಜನೆಯೆಂದರೆ ಬಹುಪಾಲು ಕಾಯುವ ಹೊತ್ತಿನ ಯೋಜನೆಯೇ. ನಾವು ಮೊದಲು ಇದನ್ನು ಅರಿಯದೆ ಹೋದೆವು. ಮಕ್ಕಳು ಚಿತ್ರ ತೆಗೆದುಕೊಂಡು, ಕೂಗಿ, ದಣಿದು, ಕೊನೆಗೆ ಪರಸ್ಪರ ಜಗಳವಾಡಿದರು.

ನಮ್ಮ ವಿಜ್ಞಾನದ ಶಿಕ್ಷಕಿಯವರು ಈ ಸಲ ಅದಕ್ಕೊಂದು ಒಳ್ಳೆಯ ಉಪಾಯವನ್ನು ಮಾಡಿದ್ದಾರೆ. ಒಬ್ಬನು ಓಡಿಸುವಾಗ ಇಬ್ಬರು ಅವನಿಗಾಗಿ ದುಡಿಯಬೇಕು: ಒಬ್ಬರು ಗಡಿಯಾರ ಹಿಡಿದು ಪ್ರತಿ ಸುತ್ತಿನ ಹೊತ್ತನ್ನು ಕೂಗಬೇಕು, ಮತ್ತೊಬ್ಬರು ಬರೆದುಕೊಳ್ಳಬೇಕು. ಹಾದಿಯ ಉದ್ದ ೪೦೦ ಮೀಟರು. ಒಂದು ಸುತ್ತಿಗೆ ೪೫ ಸೆಕೆಂಡು ಹಿಡಿದರೆ ವೇಗವೆಷ್ಟು? ಗಂಟೆಗೆ ೩೨ ಕಿಲೋಮೀಟರು. ಕಳೆದ ಸಲ ಹೋದವರೆಲ್ಲ ತಾವು ಎಂಬತ್ತರ ವೇಗದಲ್ಲಿ ಹೋದೆವೆಂದು ಆಣೆಯಿಟ್ಟು ಹೇಳುತ್ತಿದ್ದರು! ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದಾಗ ಅವರ ಮುಖಗಳನ್ನು ನೋಡಬೇಕಾಗಿತ್ತು. ನೆಲಕ್ಕೆ ಅಷ್ಟು ಹತ್ತಿರ ಕುಳಿತವನಿಗೆ ನೆಲವು ಕಣ್ಣೆದುರೇ ಹರಿದು ಹೋಗುವುದರಿಂದ ವೇಗವು ಇಮ್ಮಡಿಯಾಗಿ ತೋರುತ್ತದೆ. ಇನ್ನೂ ಒಂದು ಸೊಗಸಾದ ಸಂಗತಿಯನ್ನು ಅವರು ನನಗೆ ತಿಳಿಸಿದರು. ತಿರುವಿನಲ್ಲಿ ಹೊರಗಿನ ಗಾಲಿಯು ಒಳಗಿನ ಗಾಲಿಗಿಂತ ಹೆಚ್ಚು ದೂರ ಸಾಗಬೇಕು. ಮೋಟಾರು ಕಾರಿನಲ್ಲಿ ಅದಕ್ಕೆಂದೇ ಹಲ್ಲುಚಕ್ರಗಳ ಒಂದು ಏರ್ಪಾಡಿದೆ. ಈ ಬಡ ಬಂಡಿಯಲ್ಲಿ ಅದಿಲ್ಲ. ಹಿಂದಿನ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದು ಒಂದೇ ಸಮನೆ ತಿರುಗುತ್ತವೆ. ಹಾಗಾದರೆ ಅದು ತಿರುಗುವುದೆಂತು? ಚುಕ್ಕಾಣಿಯನ್ನು ಹೊರಳಿಸಿದೊಡನೆ ಚೌಕಟ್ಟು ತುಸು ಬಳುಕಿ ಒಳಗಿನ ಹಿಂಗಾಲಿಯು ಕೂದಲೆಳೆಯಷ್ಟು ಮೇಲಕ್ಕೆದ್ದು ನೆಲದ ಹಿಡಿತವನ್ನು ಸಡಿಲಿಸುತ್ತದೆ. ಕಾಯುವ ಮಕ್ಕಳು ತಿರುವಿನ ಬಳಿ ಬೇಲಿಯಾಚೆ ಕುಳಿತು ಆ ಗಾಲಿಯನ್ನೇ ನೋಡಲಿ. ಪಾಠವು ಹೀಗೆ ಓಡುತ್ತ ಎದುರಿಗೆ ಬರುವುದು ಅಪರೂಪ.

ಬಹುಮಾನ ಬೇಡವೆಂಬುದು ನನ್ನ ಹಟ. ಇಂಜಿನ್ನುಗಳು ಒಂದೇ ಶಕ್ತಿಯವಾದುದರಿಂದ ಮೂವತ್ತೈದು ಕಿಲೋ ತೂಗುವವನು ಅರವತ್ತು ಕಿಲೋ ತೂಗುವವನಿಗಿಂತ ಸಹಜವಾಗಿ ಮುಂದಾಗುತ್ತಾನೆ. ಅದರಲ್ಲಿ ಶೌರ್ಯವೇನು ಬಂತು? ಪ್ರತಿಯೊಬ್ಬನೂ ತನ್ನ ಎರಡನೆಯ ಸುತ್ತನ್ನು ತನ್ನ ಒಂಬತ್ತನೆಯ ಸುತ್ತಿನೊಡನೆ ಹೋಲಿಸಿ ನೋಡಿಕೊಳ್ಳಲಿ.

ಅಪಾಯದ ಮಾತನ್ನು ಹಗುರವಾಗಿ ತೇಲಿಸುವಂತಿಲ್ಲ. ೨೦೧೮ರಲ್ಲಿ ಹರಿಯಾಣದ ಪಿಂಜೋರಿನಲ್ಲಿಯೂ ೨೦೨೦ರಲ್ಲಿ ಹೈದರಾಬಾದಿನಲ್ಲಿಯೂ ತಲೆಗೂದಲು ಬಂಡಿಯ ಗಾಲಿಗೆ ಸಿಕ್ಕಿ ಇಬ್ಬರು ತರುಣಿಯರು ಪ್ರಾಣವನ್ನೇ ಕಳೆದುಕೊಂಡರು. ಇದನ್ನು ಪಾಲಕರಿಂದ ಮುಚ್ಚಿಟ್ಟು ಅನುಮತಿ ಪಡೆಯುವುದು ಮೋಸ. ನಾನು ಸಭೆಯಲ್ಲಿ ಇದನ್ನು ಹೇಳಿಯೇ ಬಿಟ್ಟೆನು. ಕೂಡಲೆ ಒಬ್ಬ ತಂದೆ, “ಹಾಗಾದ್ರೆ ಹುಡುಗೇರು ಕುಂತು ನೋಡ್ಲಿ, ಸಾಕು” ಎಂದರು. ಇದಕ್ಕೆ ನಾನು ಒಪ್ಪಲಾರೆ. ಕೂದಲು ತಪ್ಪು ಮಾಡಿದ್ದಲ್ಲ; ಅದನ್ನು ಕಟ್ಟದೆ ಬಿಟ್ಟವರದು, ಕಟ್ಟಿಸದೆ ಬಂಡಿ ಹತ್ತಿಸಿದವರದು ತಪ್ಪು. ಜಡೆಯನ್ನು ಸುತ್ತಿ, ಮೇಲೆ ಬಟ್ಟೆಯ ಟೊಪ್ಪಿಗೆ ಹಾಕಿ, ಅದರ ಮೇಲೆ ಶಿರಸ್ತ್ರಾಣವನ್ನು ಬಿಗಿದು, ಒಂದು ಎಳೆಯೂ ಹೊರಗೆ ಉಳಿದಿಲ್ಲವೆಂದು ಶಿಕ್ಷಕಿಯರೇ ಕೈಯಾಡಿಸಿ ನೋಡಬೇಕು. ಓಡಣಿಯ ಸಮವಸ್ತ್ರ ಅಂದು ಬೇಡ. ವ್ಯಾಯಾಮದ ಉಡುಪು ಸಾಕು. ಚಪ್ಪಲಿ ಸಲ್ಲದು, ಲಾಡಿಯ ತುದಿಗಳನ್ನು ಒಳಕ್ಕೆ ಸೇರಿಸಿದ ಬೂಟು ಬೇಕು. ಯಾರ ಶಿರಸ್ತ್ರಾಣವು ತಲೆಯ ಮೇಲೆ ಅಲುಗಾಡುತ್ತದೆಯೋ ಅವರು ಬೇರೆಯದು ಸಿಗುವವರೆಗೆ ಹತ್ತಕೂಡದು. ಹಳದಿ ನಿಶಾನೆ ಕಂಡರೆ ನಿಧಾನ, ದಾಟಬಾರದು. ಕೆಂಪು ಕಂಡರೆ ನಿಲ್ಲಬೇಕು. ನೀಲಿ ಕಂಡರೆ ಹಿಂದಿನವನಿಗೆ ದಾರಿ ಬಿಡಬೇಕು. ಇದನ್ನು ಹಾದಿಯವರು ಅಲ್ಲಿ ಹಿಂದಿಯಲ್ಲಿ ಎರಡು ನಿಮಿಷದಲ್ಲಿ ಉಸುರಿ ಮುಗಿಸುತ್ತಾರೆ. ಮಕ್ಕಳ ಕಿವಿಯೆಲ್ಲ ಇಂಜಿನ್ನಿನ ಕಡೆಗಿರುತ್ತದೆ. ನಾವು ಶಾಲೆಯ ಅಂಗಳದಲ್ಲಿ ಒಂದು ವಾರ ಮೊದಲೇ, ಕನ್ನಡದಲ್ಲಿ, ಬಣ್ಣದ ಬಟ್ಟೆ ಹಿಡಿದು ಆಡಿಸಿಬಿಡಬೇಕು. (ಆಕ್ಸಿಲರೇಟರಿಗೆ ನಾನು ‘ವೇಗವರ್ಧಕ’ ಎಂದು ಹಲಗೆಯ ಮೇಲೆ ಬರೆದೆ. ಮಕ್ಕಳು ‘ರೇಸು’ ಎಂದರು. ರೇಸೇ ಇರಲಿ; ಅಪಾಯದ ಹೊತ್ತಿಗೆ ಬಾಯಿಗೆ ಬರುವ ಶಬ್ದವೇ ಶುದ್ಧ ಶಬ್ದ.)

ಹಾದಿಯವರು ಸಹಿ ಹಾಕಿಸಿಕೊಳ್ಳುವ ಹೊಣೆಪತ್ರವೂ ಇಂಗ್ಲಿಷಿನಲ್ಲಿದೆ. ರಾತ್ರಿಯ ಪಾಳಿ ಮುಗಿಸಿ ಬಂದ ತಂದೆ, ಅಕ್ಷರ ಬಾರದ ತಾಯಿ ಅದರ ಕೆಳಗೆ ಹೆಬ್ಬೆಟ್ಟು ಒತ್ತಿ ಕಳಿಸುತ್ತಾರೆ. ನಾವು ಅದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳದೆ ಸಹಿ ತರಿಸಬಾರದು. ಇದಕ್ಕೆ ಎರಡು ಸಂಜೆ ಚಾಳುಗಳನ್ನು ಸುತ್ತಬೇಕಾದೀತು, ಸುತ್ತೋಣ.

ಎತ್ತರದ ವಿಷಯವನ್ನು ಮೊದಲೇ ವಿಚಾರಿಸುವುದು ಒಳಿತು. ಹಾದಿಯವರು ಗೋಡೆಯ ಮೇಲೆ ಗೆರೆ ಎಳೆದಿರುತ್ತಾರೆ. ಅದರ ಕೆಳಗಿನ ಮಗುವಿನ ಕಾಲು ತಡೆಗೆ ನಿಲುಕದು. ಬಾಗಿಲಲ್ಲಿ ಎಲ್ಲರೆದುರು ಅಳೆದು ಹಿಂದಕ್ಕೆ ಕಳಿಸುವುದಕ್ಕಿಂತ ಕ್ರೂರವಾದದ್ದಿಲ್ಲ. ಈ ವರುಷದ ವರ್ಗದಲ್ಲಿ ಇಬ್ಬರು ಆ ಗೆರೆಗಿಂತ ಕೆಳಗಿದ್ದಾರೆ. ಎಡಗಾಲಿನಲ್ಲಿ ಬಲವಿಲ್ಲದ ಒಬ್ಬ ಹುಡುಗಿಯೂ ಇದ್ದಾಳೆ. ಅವಳಿಗೆ ಗಡಿಯಾರ ಹಿಡಿಯುವ ಕೆಲಸ ಕೊಟ್ಟರಾಯಿತೆಂದು ನಾನು ಎಣಿಸಿದ್ದೆ. “ಗಡಿಯಾರ ಎಲ್ಲರೂ ಹಿಡೀತಾರಲ್ಲ ಸರ್, ನಾನು ಕೂಡೋದು ಯಾವಾಗ?” ಎಂದಳು. ಇಬ್ಬರು ಕೂಡುವ, ಪಕ್ಕದಲ್ಲಿ ತರಬೇತುಗಾರನು ಓಡಿಸುವ ಬಂಡಿಯೊಂದು ಆ ಹಾದಿಯಲ್ಲಿ ಇದೆಯೆಂದು ಆ ಮೇಲೆ ಕೇಳಿ ತಿಳಿದೆನು. ಮೂರು ಸುತ್ತಾಟಗಳಿಗೆ ಅದನ್ನು ಕಾದಿರಿಸಿದ್ದೇವೆ.

ಇಷ್ಟೆಲ್ಲ ಸಿದ್ಧತೆ ಈ ವರುಷದ ಒಂಬತ್ತನೆಯ ವರ್ಗಕ್ಕೆ. ಆ ವರ್ಗದಲ್ಲಿ ಈಗ ೨೮ ಮಕ್ಕಳಿದ್ದಾರೆ. ಹಿಂದಿನ ವರುಷಕ್ಕಿಂತ ಹದಿನಾಲ್ಕು ಕಡಿಮೆ. ಕನ್ನಡ ಶಾಲೆಗಳ ಹಾಜರಿಪಟ್ಟಿ ಹೀಗೆ ತೆಳ್ಳಗಾಗುತ್ತಿರುವುದು ಬೇರೊಂದು ಲೇಖನದ ದುಃಖ. ಆದರೆ ಐವತ್ತು ಆಸನಗಳ ಬಸ್ಸಿನಲ್ಲಿ ಇಪ್ಪತ್ತೆಂಟು ಮಕ್ಕಳೂ ಮೂವರು ಶಿಕ್ಷಕರೂ ಕುಳಿತ ಮೇಲೆ ಹತ್ತೊಂಬತ್ತು ಆಸನಗಳು ಉಳಿಯುತ್ತವೆ. ಕಳೆದ ಜನವರಿಯಲ್ಲಿ ಎರಡನೆಯ ಕಲಮಿನಲ್ಲಿ ಹೆಸರು ಬರೆದವರು ಈಗ ಹತ್ತನೆಯ ವರ್ಗದಲ್ಲಿದ್ದಾರೆ, ಹತ್ತೊಂಬತ್ತು ಮಂದಿಯೂ. ಮಾರ್ಚಿನಲ್ಲಿ ಅವರಿಗೆ ಬೋರ್ಡಿನ ಪರೀಕ್ಷೆ. ಹತ್ತನೆಯವರನ್ನು ವಿಹಾರಕ್ಕೆ ಬಿಡುವ ಪದ್ಧತಿ ನಮ್ಮಲ್ಲಿಲ್ಲವೆಂದು ಮುಖ್ಯಾಧ್ಯಾಪಕರು ಹೇಳುತ್ತಾರೆ. ಫಲಿತಾಂಶದ ಹೊಣೆ ಅವರ ಹೆಗಲ ಮೇಲಿರುವಾಗ ಅವರನ್ನು ದೂರಲಾರೆ. ಡಿಸೆಂಬರಿನ ಎರಡನೆಯ ವಾರದಲ್ಲಿ, ಒಂದು ಬುಧವಾರ, ಮುಂಜಾನೆ ಏಳರಿಂದ ಮಧ್ಯಾಹ್ನ ಒಂದರವರೆಗೆ ಮಾತ್ರ ಅವರನ್ನು ಬಿಟ್ಟುಕೊಡಬೇಕೆಂದೂ, ತಪ್ಪಿದ ಪಾಠಗಳನ್ನು ನಾಲ್ಕು ಭಾನುವಾರ ನಾನೇ ಬಂದು ಮಾಡಿಕೊಡುವೆನೆಂದೂ ಬರೆದ ಅರ್ಜಿಯು ಅವರ ಮೇಜಿನ ಮೇಲಿದೆ. ಅದಕ್ಕೆ ಹತ್ತೊಂಬತ್ತು ಹೆಸರುಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ. ಹೆಸರಿನ ಎದುರಿಗೆ ಕಲಂ ಒಂದೇ ಇದೆ: ಬೂಟಿನ ಅಳತೆ.